ಬ್ಲಾಗ್ ಶುರು ಮಾಡುವವರಿಗೆ: ಮೊದಲು ಮೂರು ಬರಹ, ಆಮೇಲೆ ಹೆಸರು

ಬ್ಲಾಗ್ ತೆರೆಯೋಕೆ ಹತ್ತು ನಿಮಿಷ ಸಾಕು. ಹಾಗಾಗಿ ಆ ಕೆಲಸ ಕೊನೆಗೆ ಇರಲಿ.

ನಾನು ಶಿರಸಿಯ ಹತ್ತಿರದ ಹಳ್ಳಿಯವಳು, ತವರು ಘಟ್ಟದ ಕೆಳಗೆ ಕುಮಟಾ ಕಡೆ. ಜೋರು ಮಳೆ ಹಿಡಿದು ಮನೆಯೊಳಗೇ ಕೂರುವ ದಿನಗಳು ಬಂದಾಗ ಪರಿಚಯದ ಹುಡುಗ ಹುಡುಗಿಯರು, ಕೆಲವು ಸಲ ನಿವೃತ್ತರಾದ ಮಾಸ್ತರರೂ ಫೋನ್ ಮಾಡುತ್ತಾರೆ. "ಅಕ್ಕಾ, ನಂಗೂ ಒಂದು ಬ್ಲಾಗ್ ಬೇಕಿತ್ತು, ಹೆಸರು ಎಂತ ಇಡ್ಲಿ?" ಅಂತ. ಎಲ್ಲರೂ ಹೆಸರಿನಿಂದಲೇ ಶುರು ಮಾಡುತ್ತಾರೆ. ಹೆಸರು ಸಿಕ್ಕಿದ ಮೇಲೆ ಬಣ್ಣ ಹುಡುಕುತ್ತಾರೆ, ಆಮೇಲೆ ಮೇಲ್ಗಡೆ ಹಾಕೋಕೆ ಒಂದು ಸೂರ್ಯಾಸ್ತದ ಫೋಟೋ ಹುಡುಕುತ್ತಾರೆ, ಅಷ್ಟರಲ್ಲಿ ಉಮೇದು ಇಳಿದುಹೋಗಿ "ನನ್ನ ಬ್ಲಾಗಿಗೆ ಸ್ವಾಗತ" ಅನ್ನುವ ಒಂದೇ ಬರಹ ಅಲ್ಲಿ ಉಳಿಯುತ್ತದೆ.

ನೀವು ಹಾಗೆ ಮಾಡಬೇಡಿ. ಮೊದಲು ಮೂರು ಬರಹ ಬರೆಯಿರಿ. ಫೋನಿನ ನೋಟ್ಸ್‌ನಲ್ಲೇ ಬರೆಯಿರಿ, ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದರೂ ಆಯಿತು. ಮೂರೂ ಬೇರೆ ಬೇರೆ ವಿಷಯದ ಮೇಲಿರಲಿ. ಮೂರು ಮುಗಿದ ಮೇಲೆ ಯಾವುದನ್ನು ಬರೆಯುವಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ ಅಂತ ನೋಡಿ. ನಿಮ್ಮ ಬ್ಲಾಗ್ ಯಾವುದರ ಬಗ್ಗೆ ಅನ್ನೋದು ಅಲ್ಲಿ ಗೊತ್ತಾಗುತ್ತದೆ. ಮೂರು ಮುಗಿಯಲೇ ಇಲ್ಲ ಅಂದರೆ ಬ್ಲಾಗ್ ತೆರೆಯೋದನ್ನು ಎರಡು ತಿಂಗಳು ಮುಂದೆ ಹಾಕಿ, ಏನೂ ನಷ್ಟವಿಲ್ಲ.

ಎಂತ ಬರೆಯೋದು?

ಇದಕ್ಕೆ ಜಾಸ್ತಿ ಹೊತ್ತು ಕೊಡಿ. ಉಳಿದದ್ದೆಲ್ಲ ಗುಂಡಿ ಒತ್ತುವ ಕೆಲಸ, ಯಾರು ಬೇಕಾದರೂ ತೋರಿಸಿಕೊಡುತ್ತಾರೆ.

ಒಂದು ಪರೀಕ್ಷೆ ಮಾಡಿ ನೋಡಿ. ನಿಮ್ಮ ಮನೆಯಲ್ಲಿ ದಿನಾ ನಡೆಯುವ ಒಂದು ಕೆಲಸವನ್ನು ಅಂತರ್ಜಾಲದಲ್ಲಿ ಕನ್ನಡದಲ್ಲೇ ಹುಡುಕಿ. ನಾನು ಹುಡುಕಿದ್ದು ಕಗ್ಗ ಭತ್ತ. ಅಘನಾಶಿನಿ ಸಮುದ್ರ ಸೇರುವ ಕಡೆ, ಕುಮಟಾದ ಗಜನಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗಳಲ್ಲಿ ಬೆಳೆಯುವ, ಆ ನೀರು ತಡೆದುಕೊಳ್ಳುವ ಭತ್ತ ಅದು. ಅದರ ಬಗ್ಗೆ ಸುದ್ದಿ ಸಿಕ್ಕಿತು, ಇಂಗ್ಲಿಷಿನಲ್ಲಿ ಲೇಖನ ಸಿಕ್ಕವು. ಆದರೆ ಮೊಳಕೆ ಬರಿಸಿದ ಬೀಜವನ್ನು ಯಾವ ಹದಕ್ಕೆ ಬಿತ್ತುತ್ತಾರೆ, ಕೊಯ್ಲಿನ ಹೊತ್ತಿಗೆ ನೀರು ನಿಂತಿದ್ದರೆ ಹೇಗೆ ಕೊಯ್ಯುತ್ತಾರೆ, ಬೆಂದ ಅನ್ನದ ಬಣ್ಣ ಹೇಗಿರುತ್ತದೆ, ಇದನ್ನು ಗದ್ದೆಗೆ ಇಳಿದವರೇ ಕನ್ನಡದಲ್ಲಿ ಬರೆದದ್ದು ನನಗೆ ಸಿಗಲಿಲ್ಲ. ನನ್ನ ತವರಿನ ಪಕ್ಕದ ಮನೆಯವರಿಗೆ ಇದೆಲ್ಲ ಬಾಯಿಪಾಠ. ಅವರು ಬರೆಯೋದಿಲ್ಲ, ಯಾಕೆ ಅಂದರೆ "ಇದನ್ನೆಲ್ಲ ಯಾರು ಓದ್ತಾರೆ" ಅಂತ. ಅವರ ಮೊಮ್ಮಗಳು ಬೆಂಗಳೂರಿನಲ್ಲಿ ಕೂತು ಅದನ್ನೇ ಹುಡುಕುತ್ತಿದ್ದಾಳೆ!

ಹಾಗಾಗಿ ದೊಡ್ಡ ವಿಷಯಕ್ಕೆ ಕೈ ಹಾಕಬೇಡಿ. ಯಾಣದ ಬಂಡೆ, ಬನವಾಸಿಯ ಇತಿಹಾಸ, ಟಾಗೋರರು ಕಾರವಾರಕ್ಕೆ ಬಂದದ್ದು, ಇವುಗಳ ಬಗ್ಗೆ ಈಗಾಗಲೇ ಬೇಕಾದಷ್ಟು ಇದೆ. ನೀವು ಹೊಸದಾಗಿ ಬರೆದರೂ ಅಲ್ಲಿ ಇಲ್ಲಿ ಓದಿದ್ದನ್ನೇ ಸೇರಿಸಿದಂತೆ ಆಗುತ್ತದೆ. ಅದರ ಬದಲು ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ತಾಜಾ ಬಂಗಡೆ ಗುರುತಿಸೋದು ಹೇಗೆ ಅಂತ ನಿಮ್ಮ ಅಮ್ಮ ಕಲಿಸಿದ್ದನ್ನು ಬರೆಯಿರಿ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ದಾಟುವಾಗ ಮೊದಲು ಎಂತ ನೋಡುತ್ತಾನೆ ಅಂತ ಅವನನ್ನೇ ಕೇಳಿ ಬರೆಯಿರಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಅಂತ ಎಲ್ಲರಿಗೂ ಗೊತ್ತು. ಜಾತ್ರೆ ಇಲ್ಲದ ವರ್ಷ ಹೋಳಿಯಲ್ಲಿ ಬೇಡರ ವೇಷ ಕುಣಿಯುವವರು ಎಷ್ಟು ದಿನ ಮೊದಲಿಂದ ತಾಲೀಮು ಮಾಡುತ್ತಾರೆ, ಬೆನ್ನಿಗೆ ಕಟ್ಟುವ ನವಿಲುಗರಿಯ ಭಾರ ಹೊತ್ತು ರಾತ್ರಿಯಿಡೀ ಹೇಗೆ ತಡೆಯುತ್ತಾರೆ, ಅದು ನಿಮ್ಮ ಬೀದಿಯಲ್ಲಿರುವ ಕುಣಿಯುವವರಿಗೇ ಗೊತ್ತು.

ಬರೆಯುವಾಗ ಒಂದು ವಿಷಯ ನೆನಪಿರಲಿ. "ನಮ್ಮ ಮಲೆನಾಡಿನ ತಿಂಡಿಗಳು ಬಹಳ ರುಚಿಕರ, ಅದರಲ್ಲೂ ತೊಡೆದೇವು ಎಲ್ಲರ ಮನ ಗೆಲ್ಲುತ್ತದೆ" ಅಂತ ಬರೆದರೆ ಓದಿದವರಿಗೆ ಏನೂ ಸಿಗೋದಿಲ್ಲ. ಅದನ್ನೇ ಹೀಗೆ ಬರೆಯಬಹುದು: "ಕವುಚಿಟ್ಟ ಗಡಿಗೆ ಕಾದದ್ದು ಗೊತ್ತಾಗೋಕೆ ಅತ್ತೆ ನಾಲ್ಕು ಹನಿ ನೀರು ಚಿಮುಕಿಸುತ್ತಾರೆ. ಚುರ್ ಅಂತ ಹಾರಿಹೋಗಬೇಕು. ಕಬ್ಬಿನ ಹಾಲಿಗೆ ಅಕ್ಕಿಹಿಟ್ಟು ಕಲಸಿದ ತೆಳ್ಳನೆ ಹಿಟ್ಟಿನಲ್ಲಿ ಬಟ್ಟೆ ಅದ್ದಿ ಒಂದೇ ಸಲ ತೊಡೆಯಬೇಕು. ಎರಡನೇ ಸಲ ಎಳೆದರೆ ಮೊದಲಿನದ್ದೂ ಕಿತ್ತು ಬರುತ್ತದೆ." ಇದನ್ನು ಓದಿದವರು ಮಾಡಿ ನೋಡಬಹುದು. ಬರೆಯೋಕೆ ಕೂತಾಗ ನಮ್ಮ ಅತ್ತೆ ಕೇಳಿದ್ದರು, "ಇದ್ನೆಲ್ಲ ಬರ್ಕಂಡು ಎಂತ ಮಾಡ್ತೆ ಕೂಸೆ?" ಅಂತ. ಆಮೇಲೆ ಹುಬ್ಬಳ್ಳಿಯಿಂದ ಯಾರೋ ಗಡಿಗೆ ಎಲ್ಲಿ ಸಿಗುತ್ತದೆ ಅಂತ ಕೇಳಿದಾಗ ಅವರೇ ಉತ್ತರ ಹೇಳಿ ಬರೆಸಿದರು.

ಮನೆಯ ಮಾತು ಬಳಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಖಂಡಿತ ಬಳಸಿ. ಹವ್ಯಕ ಮಾತಿರಲಿ, ಹಾಲಕ್ಕಿಗಳ ಮಾತಿರಲಿ, ಕೊಂಕಣಿ ಬೆರೆತ ಕಾರವಾರದ ಮಾತಿರಲಿ. ಜನ ಮಾತಾಡಿದ್ದನ್ನು ಅವರು ಆಡಿದ ಹಾಗೇ ಬರೆಯಿರಿ, ವಿವರಿಸುವ ಭಾಗವನ್ನು ಎಲ್ಲ ಕಡೆಯವರಿಗೂ ತಿಳಿಯುವ ಕನ್ನಡದಲ್ಲಿ ಬರೆಯಿರಿ. ಕೊಟ್ಟೆ, ಚಾಲಿ, ದಬ್ಬೆ, ಬೆಟ್ಟ ಅನ್ನುವ ಪದಗಳು ನಮಗೆ ಸಲೀಸು, ಮಂಡ್ಯದವರಿಗೆ ಅಲ್ಲ. ಮೊದಲ ಸಲ ಬಂದಾಗ ಅರ್ಧ ಸಾಲಿನಲ್ಲಿ ಬಿಡಿಸಿ ಹೇಳಿ ಮುಂದೆ ಹೋಗಿ.

ಕನ್ನಡ ಟೈಪಿಂಗ್

ನೀವು ಬರೆಯೋದು ಯೂನಿಕೋಡ್‌ನಲ್ಲಿ ಇರಲೇಬೇಕು. ಯಾವ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ತೆರೆದರೂ ಅಕ್ಷರ ಸರಿಯಾಗಿ ಕಾಣುವ ಸಂಕೇತ ಪದ್ಧತಿ ಅದು. ಫೋನಿನಲ್ಲಿ ಕನ್ನಡ ಕೀಬೋರ್ಡಿನಿಂದ ಬರೆದದ್ದೆಲ್ಲ ಯೂನಿಕೋಡೇ, ಚಿಂತೆ ಬೇಡ. ತೊಂದರೆ ಬರೋದು ಹಳೆಯ ಫೈಲುಗಳಲ್ಲಿ. ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿಸಿಟ್ಟ ಕವನ, ಲೇಖನ ನಿಮ್ಮ ಹತ್ತಿರ ಇದ್ದರೆ ಅದನ್ನು ನೇರ ತಂದು ಬ್ಲಾಗಿಗೆ ಅಂಟಿಸಿದಾಗ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಕಾಣುತ್ತದೆ. ಫೈಲ್ ಹಾಳಾಯಿತು ಅಂತ ಹೆದರಬೇಡಿ. ನುಡಿಯಲ್ಲೂ ಬರಹ ತಂತ್ರಾಂಶದಲ್ಲೂ ಯೂನಿಕೋಡ್‌ಗೆ ಬದಲಿಸುವ ಸೌಲಭ್ಯ ಇದೆ. ಬದಲಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ, ತಪ್ಪು ಉಳಿಯೋದು ಅಲ್ಲೇ.

ಫೋನಿನಲ್ಲಿ ಜೀಬೋರ್ಡ್ ಹಾಕಿಕೊಂಡು ಭಾಷೆಯಲ್ಲಿ ಕನ್ನಡ ಸೇರಿಸಿ. ಕನ್ನಡ ಅಕ್ಷರಗಳ ಕೀಲಿಮಣೆ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುವ ಬಗೆ, ಬೆರಳಿನಿಂದ ಗೀಚುವ ಬಗೆ, ಮೂರೂ ಅದರಲ್ಲಿವೆ. ಮೈಕ್ ಒತ್ತಿ ಮಾತಾಡಿದರೂ ಬರೆದುಕೊಳ್ಳುತ್ತದೆ. ವಯಸ್ಸಾದವರಿಂದ ಕೇಳಿ ಬರೆಯುವಾಗ ಇದು ಬಹಳ ಉಪಯೋಗ. ಆದರೆ ನಮ್ಮ ಕಡೆಯ ಮಾತು ಅದಕ್ಕೆ ಸರಿಯಾಗಿ ಹಿಡಿಯೋದಿಲ್ಲ. ಹಾಗಾಗಿ ಧ್ವನಿಯನ್ನು ಬೇರೆಯಾಗಿ ರೆಕಾರ್ಡ್ ಮಾಡಿಯೂ ಇಟ್ಟುಕೊಳ್ಳಿ, ಆಮೇಲೆ ಕೇಳಿ ತಿದ್ದಬಹುದು.

ಒಂದು ಸಣ್ಣ ತಪ್ಪು ತುಂಬಾ ಕಡೆ ನೋಡಿದ್ದೇನೆ. ಅನುಸ್ವಾರ ಹಾಕುವ ಕಡೆ ಕನ್ನಡ ಅಂಕಿಯ ಸೊನ್ನೆ ಹಾಕಿರುತ್ತಾರೆ. ಕಣ್ಣಿಗೆ ಎರಡೂ ಸೊನ್ನೆಯೇ, ಆದರೆ ಕಂಪ್ಯೂಟರಿಗೆ ಬೇರೆ ಬೇರೆ. ಅಂಕೋಲಾ ಅಂತ ಯಾರಾದರೂ ಹುಡುಕಿದಾಗ ನಿಮ್ಮ ಅ, ಅಂಕಿಯ ಸೊನ್ನೆ, ಕೋಲಾ ಅಲ್ಲಿ ಸಿಗೋದೇ ಇಲ್ಲ.

ಈಗ ಬ್ಲಾಗ್ ತೆರೆಯಿರಿ

ಮೂರು ಬರಹ ಕೈಯಲ್ಲಿದೆ ಅಂತಾದರೆ ಮುಂದೆ ಹೋಗೋಣ. ಮೊದಲ ಸಲ ಮಾಡುವವರಿಗೆ ನಾನು ಬ್ಲಾಗರ್ ಅನ್ನುವ ಜಾಲತಾಣ ಹೇಳುತ್ತೇನೆ. 1999ರಲ್ಲಿ ಶುರುವಾಗಿ 2003ರಲ್ಲಿ ಗೂಗಲ್ ಕೈಗೆ ಹೋದದ್ದು ಇದು, ಹಳೆಯದು. ನೋಡೋಕೆ ಅಷ್ಟೇನೂ ಚಂದ ಇಲ್ಲ, ಆದರೆ ದುಡ್ಡಿಲ್ಲ, ನಾವು ಹಾಕದೆ ಜಾಹೀರಾತು ಬರೋದಿಲ್ಲ, ಜಿಮೇಲ್ ಇದ್ದರೆ ಸಾಕು. ವರ್ಡ್‌ಪ್ರೆಸ್ ಡಾಟ್ ಕಾಮ್ ಕೂಡ ಒಳ್ಳೆಯದು, ಅದರಲ್ಲಿ ಬೇಕಾದ ಹಾಗೆ ಬದಲಿಸಿಕೊಳ್ಳುವ ಅವಕಾಶ ಜಾಸ್ತಿ, ಆದರೆ ಪುಕ್ಕಟೆ ಬ್ಲಾಗಿನಲ್ಲಿ ಅವರ ಜಾಹೀರಾತು ಕಾಣುತ್ತದೆ, ಬಹಳಷ್ಟು ಸೌಲಭ್ಯಕ್ಕೆ ಹಣ ಕಟ್ಟಬೇಕು. ಒಂದು ವರ್ಷ ಬರೆದು ಅಭ್ಯಾಸವಾದ ಮೇಲೆ ಬೇಕಾದರೆ ಅಲ್ಲಿಗೆ ಹೋಗಿ. ಬ್ಲಾಗರ್‌ನಿಂದ ಬರಹಗಳನ್ನು ಅಲ್ಲಿಗೆ ತೆಗೆದುಕೊಂಡು ಹೋಗಬಹುದು.

ಬ್ಲಾಗರ್‌ಗೆ ಹೋಗಿ ಜಿಮೇಲ್‌ನಿಂದ ಒಳಗೆ ಬನ್ನಿ. ಅದು ಮೂರು ಕೇಳುತ್ತದೆ: ಬ್ಲಾಗಿನ ಶೀರ್ಷಿಕೆ, ವಿಳಾಸ, ನಿಮ್ಮ ಹೆಸರು. ಶೀರ್ಷಿಕೆ ಕನ್ನಡದಲ್ಲಿರಲಿ, ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು. ವಿಳಾಸ ಹಾಗಲ್ಲ. ಇವತ್ತು ಒಂದು ಇಟ್ಟು ಮುಂದಿನ ವರ್ಷ ಬದಲಿಸಿದರೆ ಅಷ್ಟು ದಿನ ಜನ ಹಂಚಿಕೊಂಡ ಲಿಂಕುಗಳೆಲ್ಲ ಸತ್ತುಹೋಗುತ್ತವೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಫೋನಿನಲ್ಲಿ ಒಬ್ಬರಿಗೆ ಹೇಳಿದರೆ ಅವರು ಒಂದೇ ಸಲಕ್ಕೆ ಸರಿಯಾಗಿ ಬರೆದುಕೊಳ್ಳುವ ಹಾಗಿರಲಿ. ಎರಡೆರಡು 'ಎ', ಎರಡೆರಡು 'ಇ' ಬರುವ ಪದ ಬೇಡ. ತೀರಾ ಒಂದೇ ವಿಷಯಕ್ಕೆ ಕಟ್ಟಿಹಾಕುವ ಹೆಸರೂ ಬೇಡ. ಅಡಿಕೆ ಅಂತ ಹೆಸರಿಟ್ಟು ಎರಡು ವರ್ಷಕ್ಕೆ ಯಕ್ಷಗಾನದ ಬಗ್ಗೆ ಬರೆಯಬೇಕು ಅನ್ನಿಸಿದರೆ ಕಷ್ಟ.

ಸ್ವಂತ ಡೊಮೈನ್, ಅಂದರೆ ದುಡ್ಡು ಕೊಟ್ಟು ಪಡೆಯುವ ನಿಮ್ಮದೇ ವಿಳಾಸ, ಈಗಲೇ ಬೇಡ. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು ಖರ್ಚು, ಪ್ರತಿ ವರ್ಷ ಕಟ್ಟಬೇಕು, ಮರೆತರೆ ಬೇರೆಯವರು ಅದೇ ಹೆಸರು ಕೊಂಡುಬಿಡಬಹುದು. ಬರಹ ಇಪ್ಪತ್ತೈದು ದಾಟಲಿ. ಆಮೇಲೆ ಡೊಮೈನ್ ಜೋಡಿಸಿದರೂ ಮೊದಲು ಪುಕ್ಕಟೆ ಸಿಕ್ಕಿದ್ದ ಹಳೆಯ ಬ್ಲಾಗ್‌ಸ್ಪಾಟ್ ವಿಳಾಸಕ್ಕೆ ಬಂದವರನ್ನು ಬ್ಲಾಗರ್ ತಾನೇ ಹೊಸದಕ್ಕೆ ಕಳಿಸುತ್ತದೆ.

ತೆರೆದ ಕೂಡಲೇ ಸೆಟ್ಟಿಂಗ್ಸ್‌ಗೆ ಹೋಗಿ ನಾಲ್ಕು ಕೆಲಸ ಮಾಡಿ. ಭಾಷೆ ಕನ್ನಡ ಮಾಡಿ. ಸಮಯ ವಲಯ ನೋಡಿ, ಅದು ಅಮೆರಿಕದ್ದು ಇದ್ದರೆ ಭಾರತಕ್ಕೆ ಬದಲಿಸಿ, ಇಲ್ಲದಿದ್ದರೆ ಬೆಳಿಗ್ಗೆ ಹಾಕಿದ ಬರಹಕ್ಕೆ ನಿನ್ನೆಯ ತಾರೀಕು ಬೀಳುತ್ತದೆ. ಮೆಟಾ ಟ್ಯಾಗ್ ಅನ್ನುವ ಕಡೆ ಹುಡುಕಾಟದ ವಿವರಣೆಯನ್ನು ಆನ್ ಮಾಡಿ. ಓದುಗರ ಅಭಿಪ್ರಾಯಗಳು ನೀವು ನೋಡಿ ಒಪ್ಪಿದ ಮೇಲಷ್ಟೇ ಕಾಣುವ ಹಾಗೆ ಇಡಿ.

ಥೀಮ್, ಅಂದರೆ ಬ್ಲಾಗಿನ ನೋಟ, ಅಂತ ದಿನಗಟ್ಟಲೆ ಕೂರಬೇಡಿ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ. ಕನ್ನಡಕ್ಕೆ ಎರಡು ವಿಷಯ ಮಾತ್ರ ಮುಖ್ಯ. ಅಕ್ಷರ ಸ್ವಲ್ಪ ದೊಡ್ಡದಿರಬೇಕು. ಸಾಲುಗಳ ನಡುವೆ ಜಾಗ ಇಂಗ್ಲಿಷಿಗಿಂತ ಜಾಸ್ತಿ ಬೇಕು, ಯಾಕೆ ಅಂದರೆ ನಮಗೆ ಕೆಳಗೆ ಒತ್ತಕ್ಷರ ಇದೆ, ಇಕ್ಕಟ್ಟಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಿಮ್ಮ ಅಪ್ಪನ ಫೋನಿನಲ್ಲಿ ತೆರೆದು ನೋಡಿ. ಅವರು ಫೋನನ್ನು ಕಣ್ಣಿನ ಹತ್ತಿರ ತಂದರೆ ಅಕ್ಷರ ಇನ್ನೂ ದೊಡ್ಡದು ಮಾಡಬೇಕು ಅಂತ.

ಮೊದಲ ಬರಹ ಹಾಕುವಾಗ

ನೋಟ್ಸ್‌ನಿಂದಲೋ ವರ್ಡ್‌ನಿಂದಲೋ ನಕಲು ಮಾಡಿ ತರುವಾಗ ಸುಮ್ನೆ ಅಂಟಿಸಿದರೆ ಅಲ್ಲಿಯ ಅಕ್ಷರ ಅಳತೆ, ಬಣ್ಣ ಎಲ್ಲ ಜೊತೆಗೆ ಬಂದು ಕೂರುತ್ತದೆ. ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ವಿ ಮೂರೂ ಒಟ್ಟಿಗೆ ಒತ್ತಿದರೆ ಬರೀ ಅಕ್ಷರ ಬರುತ್ತದೆ.

ಇನ್ನು ಕನ್ನಡದಲ್ಲಿ ಬರೆಯುವವರು ಗಮನಿಸಲೇಬೇಕಾದ ಒಂದು ಕೆಲಸ. ಪ್ರತಿ ಬರಹಕ್ಕೂ ತನ್ನದೇ ವಿಳಾಸ ಇರುತ್ತದೆ, ಅದಕ್ಕೆ ಪರ್ಮಾಲಿಂಕ್ ಅನ್ನುತ್ತಾರೆ. ತಲೆಬರಹ ಇಂಗ್ಲಿಷಿನಲ್ಲಿದ್ದರೆ ಬ್ಲಾಗರ್ ಅದರಿಂದಲೇ ವಿಳಾಸ ಮಾಡುತ್ತದೆ. ಕನ್ನಡದಲ್ಲಿದ್ದರೆ ಅದಕ್ಕೆ ಆಗೋದಿಲ್ಲ, 'ಬ್ಲಾಗ್ ಪೋಸ್ಟ್' ಅಂತ ಹಾಕಿ ಮುಂದೆ ಒಂದು ಅಂಕಿ ಸೇರಿಸುತ್ತದೆ. ಐವತ್ತು ಬರಹ ಆದ ಮೇಲೆ ಯಾವ ವಿಳಾಸ ಯಾವುದರದ್ದು ಅಂತ ನಿಮಗೇ ಗೊತ್ತಾಗೋದಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಇನ್ನೊಂದು ಥರ. ಅದು ಕನ್ನಡವನ್ನೇ ವಿಳಾಸಕ್ಕೆ ಹಾಕುತ್ತದೆ, ಆದರೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಕನ್ನಡದ ಒಂದೊಂದು ಚಿಹ್ನೆಯೂ ಶೇಕಡಾ ಗುರುತು ಸೇರಿ ಒಂಬತ್ತು ಅಕ್ಷರ ಆಗಬಹುದು. ಶಿರಸಿ ಅನ್ನೋದರಲ್ಲಿ ಎರಡು ಗುಡಿಸು ಸೇರಿ ಐದು ಚಿಹ್ನೆ, ಅಷ್ಟಕ್ಕೇ ನಲವತ್ತೈದು ಅಕ್ಷರ! ಅದನ್ನು ನೋಡಿದವರು ಯಾವುದೋ ಮೋಸದ ಲಿಂಕು ಅಂತ ಒತ್ತೋದೇ ಇಲ್ಲ. ಎರಡೂ ಕಡೆ ಪರಿಹಾರ ಒಂದೇ. ಪ್ರಕಟಿಸುವ ಮೊದಲು ಪರ್ಮಾಲಿಂಕ್ ತೆರೆದು ಎರಡು ಮೂರು ಪದ ಇಂಗ್ಲಿಷ್ ಅಕ್ಷರದಲ್ಲಿ ನೀವೇ ಬರೆಯಿರಿ. ಬ್ಲಾಗರ್‌ನಲ್ಲಿ ಪ್ರಕಟಿಸಿದ ಮೇಲೆ ಅದನ್ನು ನೇರವಾಗಿ ಬದಲಿಸೋಕೆ ಆಗೋದಿಲ್ಲ, ಹಾಗಾಗಿ ಮೊದಲೇ ಮಾಡಿ.

ತಲೆಬರಹದಲ್ಲಿ ವಿಷಯ ಇರಲಿ. 'ಹಸಿರು ನೆನಪುಗಳು' ಅಂದರೆ ಯಾರಿಗೂ ಏನೂ ತಿಳಿಯದು. 'ಅಪ್ಪೆಮಿಡಿ ಉಪ್ಪಿನಲ್ಲಿ ಹಾಕುವ ಕ್ರಮ' ಅಂದರೆ ಬೇಕಾದವರು ಬಂದು ಓದುತ್ತಾರೆ. ಹುಡುಕಾಟದ ವಿವರಣೆ ಅನ್ನುವ ಜಾಗದಲ್ಲಿ ಬರಹದಲ್ಲಿ ಏನಿದೆ ಅಂತ ಒಂದೆರಡು ಸಾಲು ಬರೆಯಿರಿ. ಬರಹಗಳನ್ನು ವಿಂಗಡಿಸುವ ಲೇಬಲ್ ನಾಲ್ಕೈದು ಸಾಕು: ತೋಟ, ಅಡುಗೆ, ಹಬ್ಬ, ಊರು ಇಂಥವು. ಪ್ರತಿ ಬರಹಕ್ಕೂ ಹೊಸ ಲೇಬಲ್ ಮಾಡಬೇಡಿ.

ಫೋಟೋ ನಿಮ್ಮದೇ ಇರಲಿ. ಗೂಗಲ್‌ನಲ್ಲಿ ಕಂಡದ್ದೆಲ್ಲ ಪುಕ್ಕಟೆ ಅಲ್ಲ, ತೆಗೆದವರಿಗೆ ಅದರ ಹಕ್ಕಿದೆ. ನಿಮ್ಮ ಹತ್ತಿರ ಇಲ್ಲದಿದ್ದರೆ ವಿಕಿಮೀಡಿಯ ಕಾಮನ್ಸ್‌ನಲ್ಲಿ ಹುಡುಕಿ, ಅಲ್ಲಿ ಹೇಳಿದ ಷರತ್ತಿನಂತೆ ತೆಗೆದವರ ಹೆಸರು ಮತ್ತು ಪರವಾನಗಿಯ ಹೆಸರು ಕೆಳಗೆ ಹಾಕಿ. ಬೇರೆಯವರ ಕವನ, ಲೇಖನವೂ ಹಾಗೆಯೇ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷದವರೆಗೆ ಕೃತಿಯ ಹಕ್ಕು ಇರುತ್ತದೆ. ಫೋನಿನ ಕ್ಯಾಮೆರಾದ ಫೋಟೋ ಒಂದೊಂದು ನಾಲ್ಕೈದು ಎಂಬಿ ಬರುತ್ತದೆ. ಘಟ್ಟದ ಮೇಲಿನ ಹಳ್ಳಿಯಲ್ಲಿ ಒಂದು ಕಡ್ಡಿ ಸಿಗ್ನಲ್ ಇಟ್ಟುಕೊಂಡು ಓದುವವರಿಗೆ ಅದು ತೆರೆಯೋದೇ ಇಲ್ಲ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ಇನ್ನೂರು ಮುನ್ನೂರು ಕೆಬಿ ಸಾಕು. ಜೊತೆಗೆ ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಜಾಗದ ಗುರುತು ಆಫ್ ಮಾಡಿ, ಇಲ್ಲದಿದ್ದರೆ ನಿಮ್ಮ ಮನೆ ಎಲ್ಲಿದೆ ಅನ್ನೋದು ಫೋಟೋದೊಳಗೇ ಸೇರಿರುತ್ತದೆ.

ಜನರ ಬಗ್ಗೆ ಬರೆಯುವಾಗ

ಸಣ್ಣ ಊರು ನಮ್ಮದು. ಹೆಸರು ಹಾಕದಿದ್ದರೂ ಯಾರ ಕಥೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಮನೆಯ ಜಗಳ, ಜಮೀನಿನ ತಕರಾರು, ಯಾರದ್ದೋ ಕಾಯಿಲೆ, ಇವನ್ನು ಬರೆಯಬೇಡಿ. ಮಕ್ಕಳ ಹೆಸರು, ಶಾಲೆ, ಫೋಟೋ ಬೇಡ. ಹಿರಿಯರು ಹಾಡಿದ ಸುಗ್ಗಿ ಹಾಡು, ಹೇಳಿದ ಕಥೆ ಹಾಕುವುದಾದರೆ ಮೊದಲು ಕೇಳಿ, ಅವರು ಒಪ್ಪಿದರೆ ಅವರ ಹೆಸರು ಮೇಲೆಯೇ ಹಾಕಿ. ಹಾಡು ಅವರದ್ದು, ನೀವು ಬರೆದುಕೊಂಡವರು ಅಷ್ಟೇ.

ಕಾಡು ಕಡಲಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ದಾಂಡೇಲಿ ಕಡೆ ಮಂಗಟ್ಟೆ ಹಕ್ಕಿಯ ಗೂಡು ಕಂಡರೆ, ಹೊನ್ನಾವರದ ದಂಡೆಯಲ್ಲಿ ಕಡಲಾಮೆ ಮೊಟ್ಟೆ ಇಟ್ಟ ಜಾಗ ಕಂಡರೆ ಖುಷಿಯಿಂದ ಬರೆಯಿರಿ, ಆದರೆ ಯಾವ ಮರ, ಯಾವ ದಂಡೆಯ ಯಾವ ಕಡೆ ಅಂತ ಬರೆಯಬೇಡಿ. ನಾಟಿ ಔಷಧಿ ಬರೆಯುವವರಿಗೂ ಒಂದು ಮಾತು: ಒಳಗೆ ತೆಗೆದುಕೊಳ್ಳುವ ಔಷಧಿಯ ಅಳತೆ ಹಾಕಬೇಡಿ. ಗಿಡದ ಗುರುತು ಓದುಗರು ತಪ್ಪಿದರೆ ಹೊಣೆ ಯಾರದ್ದು?

ಓದುವವರು ಬರೋದು

ಮೊದಲ ತಿಂಗಳು ಹತ್ತು ಜನ ಓದಿದರೆ ಒಳ್ಳೆಯದೇ ಆಯಿತು. ಐವತ್ತು ವಾಟ್ಸಾಪ್ ಗ್ರೂಪಿಗೆ ಲಿಂಕ್ ಎಸೆಯಬೇಡಿ, ಜನ ಬೇಸರಪಡುತ್ತಾರೆ. ಆ ವಿಷಯ ಯಾರಿಗೆ ಬೇಕೋ ಅಂಥ ಹತ್ತು ಜನರಿಗೆ, ಒಬ್ಬೊಬ್ಬರಿಗೇ, ಎರಡು ಸಾಲು ಬರೆದು ಕಳಿಸಿ. "ಮಾವ, ನೀವು ಹೇಳಿದ ಅಡಿಕೆ ಕೊಳೆರೋಗದ ವಿಷಯ ಬರೆದಿದ್ದೇನೆ, ತಪ್ಪಿದ್ದರೆ ಹೇಳಿ" ಅಂದರೆ ಮಾವ ಖಂಡಿತ ಓದುತ್ತಾರೆ, ತಪ್ಪೂ ಹೇಳುತ್ತಾರೆ. ಗೂಗಲ್ ಸರ್ಚ್ ಕನ್ಸೋಲ್ ಅನ್ನುವುದಕ್ಕೆ ನಿಮ್ಮ ಬ್ಲಾಗ್ ಸೇರಿಸಿ, ಇದು ಪುಕ್ಕಟೆ. ಜನ ಯಾವ ಪದ ಹುಡುಕಿ ನಿಮ್ಮಲ್ಲಿಗೆ ಬಂದರು ಅಂತ ಅದರಲ್ಲಿ ಕಾಣುತ್ತದೆ. ಮುಂದೆ ಎಂತ ಬರೆಯಬೇಕು ಅನ್ನೋದಕ್ಕೆ ಅದಕ್ಕಿಂತ ಒಳ್ಳೆಯ ಸಲಹೆ ಇಲ್ಲ.

ದುಡ್ಡಿನ ಬಗ್ಗೆ ಕೇಳಿದರೆ, ಮೊದಲ ವರ್ಷ ಅದನ್ನು ಯೋಚಿಸಲೇಬೇಡಿ.

ಎಷ್ಟು ದಿನಕ್ಕೊಂದು ಬರೆಯಬೇಕು ಅಂದರೆ ತಿಂಗಳಿಗೆ ಎರಡು. ಅಡಿಕೆ ಕೊಯ್ಲಿನ ತಿಂಗಳಲ್ಲಿ ಒಂದಾದರೂ ಸಾಕು. ನಮ್ಮ ಕಡೆ ಆಷಾಢದಲ್ಲಿ ಕರೆಂಟ್ ಹೋದರೆ ಮೂರು ದಿನ, ನೆಟ್‌ವರ್ಕ್ ಅದರ ಹಿಂದೆಯೇ. ಅದಕ್ಕೆ ನಾನು ಮೇ ತಿಂಗಳಲ್ಲೇ ನಾಲ್ಕೈದು ಬರೆದು, ಬ್ಲಾಗರ್‌ನಲ್ಲಿ ಪ್ರಕಟವಾಗಬೇಕಾದ ತಾರೀಕು ಹಾಕಿ ಇಟ್ಟುಬಿಡುತ್ತೇನೆ. ಮನೆಯಲ್ಲಿ ಚಿಮಣಿ ಹಚ್ಚಿಕೊಂಡು ಕೂತಿದ್ದರೂ ಬರಹ ಅದರ ದಿನಕ್ಕೆ ಹೋಗುತ್ತದೆ.

ಕೀಲಿ ಕೈ ತಪ್ಪಬಾರದು

ಇದನ್ನು ದಯವಿಟ್ಟು ಪೂರ್ತಿ ಓದಿ. ನನ್ನ ಮೊದಲ ಬ್ಲಾಗ್ ಶುರು ಮಾಡಿದ್ದು 2012ರಲ್ಲಿ. ನಲವತ್ತರ ಹತ್ತಿರ ಬರಹ ಇದ್ದವು. ಅದರಲ್ಲಿ ಒಂದು ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಬಗ್ಗೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಇದು ಶೇಕಡಾ ಒಂದರ ದ್ರಾವಣ. ನಾನು ಟೈಪ್ ಮಾಡುವಾಗ ಒಂದು ಸೊನ್ನೆ ಬಿಟ್ಟುಹೋಗಿ 10 ಲೀಟರ್ ಆಗಿತ್ತು. ಹಾಗೆ ಮಾಡಿದರೆ ಹತ್ತು ಪಟ್ಟು ಗಟ್ಟಿ, ಸಿಂಗಾರ (ಅಡಿಕೆಯ ಹೂಗೊಂಚಲು), ಎಳೆಕಾಯಿ ಸುಟ್ಟುಹೋಗುತ್ತದೆ. ತಪ್ಪು ಕಣ್ಣಿಗೆ ಬಿದ್ದದ್ದು ಬರೆದು ಮೂರು ವರ್ಷದ ಮೇಲೆ. ಅಷ್ಟರಲ್ಲಿ ಫೋನ್ ಬದಲಾಗಿತ್ತು, ಹಳೆಯ ಸಿಮ್ ಬಿಟ್ಟಾಗಿತ್ತು, ಪಾಸ್‌ವರ್ಡ್ ನೆನಪಿರಲಿಲ್ಲ. ಖಾತೆ ವಾಪಸ್ ಪಡೆಯೋಕೆ ಬರುವ ಒಟಿಪಿ ಹಳೇ ನಂಬರಿಗೆ ಹೋಗುತ್ತಿತ್ತು. ಎಷ್ಟು ಪ್ರಯತ್ನಪಟ್ಟರೂ ಒಳಗೆ ಹೋಗೋಕೆ ಆಗಲಿಲ್ಲ. ಬರಹ ಎಲ್ಲರಿಗೂ ಕಾಣುತ್ತಿತ್ತು, ತಿದ್ದೋಕೆ ಮಾತ್ರ ನನ್ನಿಂದ ಆಗುತ್ತಿರಲಿಲ್ಲ. ಯಾರಾದರೂ ಅದನ್ನೇ ನೋಡಿ ತೋಟಕ್ಕೆ ಹೊಡೆದುಬಿಟ್ಟರೆ ಅಂತ ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ. ಗೊತ್ತಿದ್ದ ತೋಟದವರಿಗೆಲ್ಲ ಫೋನ್ ಮಾಡಿ ಹೇಳಿದೆ. ಹೊಸ ಬ್ಲಾಗ್ ತೆರೆದು ಹಳೆಯ ಬರಹಗಳನ್ನು ಒಂದೊಂದಾಗಿ ನಕಲು ಮಾಡಿ ತಂದು, ಮೊದಲ ಬರಹವಾಗಿ ಸರಿಯಾದ ಅಳತೆಯನ್ನು ದಪ್ಪ ಅಕ್ಷರದಲ್ಲಿ ಹಾಕಿದೆ.

ಆದ್ದರಿಂದ ಬ್ಲಾಗಿಗೆ ನೀವು ದಿನಾ ಬಳಸುವ ಜಿಮೇಲ್ ಖಾತೆಯನ್ನೇ ಇಡಿ. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು, 2023ರ ಡಿಸೆಂಬರ್‌ನಿಂದ ಈ ನಿಯಮ ಜಾರಿಯಲ್ಲಿದೆ. ಎರಡು ಹಂತದ ಭದ್ರತೆ ಆನ್ ಮಾಡಿ, ಆಗ ಸಿಗುವ, ಫೋನ್ ಕೈಯಲ್ಲಿ ಇಲ್ಲದಿದ್ದರೂ ಒಳಗೆ ಬರೋಕೆ ಆಗುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಜಮೀನಿನ ಪಹಣಿ ಇಡುವ ಕಡೆಯೇ ಇಡಿ. ಸಿಮ್ ಬದಲಿಸಿದ ದಿನವೇ ಖಾತೆಯಲ್ಲಿ ನಂಬರ್ ಬದಲಿಸಿ. ಮನೆಯವರಲ್ಲಿ ನಂಬಿಕೆಯ ಒಬ್ಬರನ್ನು ಬ್ಲಾಗಿಗೆ ಎರಡನೇ ಅಡ್ಮಿನ್ ಆಗಿ ಸೇರಿಸಿ, ಇದಕ್ಕೆ ಸೆಟ್ಟಿಂಗ್ಸ್‌ನಲ್ಲೇ ಜಾಗ ಇದೆ.

ಮೂರು ತಿಂಗಳಿಗೊಮ್ಮೆ ಅದೇ ಸೆಟ್ಟಿಂಗ್ಸ್‌ನ ಕೆಳಗಡೆ ಬ್ಯಾಕಪ್ ಒತ್ತಿ ಫೈಲ್ ಇಳಿಸಿಕೊಳ್ಳಿ. ಬರಹಗಳೆಲ್ಲ ಅದರಲ್ಲಿ ಬರುತ್ತವೆ, ಫೋಟೋಗಳನ್ನು ಬೇರೆ ಫೋಲ್ಡರಿನಲ್ಲೂ ಇಟ್ಟುಕೊಳ್ಳಿ. ಯಾವ ಕಂಪನಿಯ ಜಾಗವೂ ಕಾಯಂ ಅಲ್ಲ. ಆರ್ಕುಟ್ 2014ರಲ್ಲಿ ಮುಚ್ಚಿತು, ಗೂಗಲ್ ಪ್ಲಸ್ 2019ರಲ್ಲಿ. ಅಲ್ಲಿ ಚಂದ ಚಂದದ ಬರಹ ಹಾಕಿ ಪ್ರತಿ ಇಟ್ಟುಕೊಳ್ಳದವರಿಗೆ ಈಗ ಅದರಲ್ಲಿ ಒಂದು ಸಾಲೂ ಸಿಗೋದಿಲ್ಲ.

ತಪ್ಪು ಆಗೇ ಆಗುತ್ತದೆ. ಆದಾಗ ಬರಹ ಅಳಿಸಬೇಡಿ, ತಿದ್ದಿ. ಅಳತೆ, ತಾರೀಕು, ಹೆಸರು ತಿದ್ದಿದರೆ ಏನನ್ನು ಯಾವ ದಿನ ತಿದ್ದಿದ್ದು ಅಂತ ಬರಹದ ಮೇಲ್ಗಡೆಯೇ ಒಂದು ಸಾಲು ಹಾಕಿ. ಹಳೆಯದನ್ನು ಓದಿ ಹೋದವರು ಮತ್ತೆ ಬಂದರೆ ಅವರ ಕಣ್ಣಿಗೆ ಮೊದಲು ಅದೇ ಬೀಳಬೇಕು. ಹೊಸ ಬ್ಲಾಗಿನಲ್ಲಿ ನನ್ನ ಬೋರ್ಡೋ ಬರಹದ ತಲೆಯ ಮೇಲೆ ಆ ಸಾಲು ಈಗಲೂ ಇದೆ, ಪ್ರತಿ ವರ್ಷ ಮೇ ಕೊನೆಯ ವಾರದಲ್ಲಿ, ಮೊದಲ ಔಷಧಿ ಹೊಡೆಯುವ ಮುಂಚೆ, ಅದನ್ನು ತೆರೆದು ಇನ್ನೊಮ್ಮೆ ಓದುತ್ತೇನೆ.